ನಲವತ್ತು ಲಕ್ಷ ಜನರ ಕಥೆಗಾರ

ಮಹಾನಗರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಯ ಸಿರಿವಂತರ ಸೌಧಗಳನ್ನೂ ಉದ್ಯಮಿಗಳ ಸಾಹಸಗಳನ್ನೂ ಆಡಳಿತಗಾರರ ನಿರ್ಣಯಗಳನ್ನೂ ವರ್ಣಿಸುತ್ತಾರೆ. ಆದರೆ ಆ ಸೌಧಗಳ ನೆಲವನ್ನು ಗುಡಿಸಿದವರು, ಅಂಗಡಿಗಳಲ್ಲಿ ದಿನವಿಡೀ ನಿಂತು ಬಟ್ಟೆ ಅಳೆದುಕೊಟ್ಟವರು, ಬಾಡಿಗೆಯ ಕೋಣೆಗಳಲ್ಲಿ ಒಂಟಿಯಾಗಿ ಉಂಡು ಮಲಗಿದವರು ಆ ಇತಿಹಾಸದ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಜನಗಣತಿಯ ಪಟ್ಟಿಯಲ್ಲಿ ಅವರು ಕೇವಲ ಸಂಖ್ಯೆಗಳಾಗಿ ಉಳಿಯುತ್ತಾರೆ. ಹೀಗೆ ಸಂಖ್ಯೆಗಳಲ್ಲಿ ಕರಗಿಹೋದವರನ್ನು ಮತ್ತೆ ಮನುಷ್ಯರನ್ನಾಗಿ ಲೋಕದ ಮುಂದೆ ತಂದು ನಿಲ್ಲಿಸಿದುದು ಸಣ್ಣಕಥೆಯೆಂಬ ಸಾಹಿತ್ಯಪ್ರಕಾರವು ಮಾಡಿದ ದೊಡ್ಡ ಉಪಕಾರ. ನ್ಯೂಯಾರ್ಕ್ ನಗರಕ್ಕೆ ಈ ಉಪಕಾರವನ್ನು ಮಾಡಿದವರಲ್ಲಿ ಓ. ಹೆನ್ರಿ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಅಮೆರಿಕದ ಕಥೆಗಾರನು ಪ್ರಮುಖನು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್ ಬಹು ವೇಗದಿಂದ ಬೆಳೆಯುತ್ತಿತ್ತು. 1898ರಲ್ಲಿ ಸುತ್ತಣ ಪ್ರದೇಶಗಳು ಸೇರಿಕೊಂಡು ಐದು ವಿಭಾಗಗಳ ಮಹಾನಗರವು ರೂಪುಗೊಂಡಿತು. 1900ರ ಜನಗಣತಿಯಲ್ಲಿ 34,37,202 ಇದ್ದ ಅದರ ಜನಸಂಖ್ಯೆ 1910ರ ಹೊತ್ತಿಗೆ 47,66,883ಕ್ಕೆ ಏರಿತು. ಯೂರೋಪಿನ ಬಡ ರಾಷ್ಟ್ರಗಳಿಂದ ಹಡಗು ಹಡಗಾಗಿ ಜನರು ಬಂದಿಳಿಯುತ್ತಿದ್ದರು. ಅಮೆರಿಕದ ಹಳ್ಳಿಪಳ್ಳಿಗಳಿಂದಲೂ ತರುಣ ತರುಣಿಯರು ಕೆಲಸವನ್ನರಸಿ ಬರುತ್ತಿದ್ದರು. ಒಂದು ಕಡೆ ಗಗನಚುಂಬಿ ಕಟ್ಟಡಗಳು ಏಳುತ್ತಿದ್ದರೆ, ಮತ್ತೊಂದು ಕಡೆ ಗಾಳಿ ಬೆಳಕುಗಳಿಲ್ಲದ ಬಾಡಿಗೆಯ ಕೋಣೆಗಳು ತುಂಬಿ ತುಳುಕುತ್ತಿದ್ದವು.

ಆ ಕಾಲದ ಶ್ರೀಮಂತ ಸಮಾಜದಲ್ಲಿ ವಾರ್ಡ್ ಮೆಕ್‌ಅಲಿಸ್ಟರ್ ಎಂಬಾತನು ಪ್ರತಿಷ್ಠೆಯ ತೀರ್ಪುಗಾರನಂತೆ ಮೆರೆಯುತ್ತಿದ್ದನು. ಯಾರನ್ನು ಔತಣಕೂಟಕ್ಕೆ ಕರೆಯಬೇಕು, ಯಾರನ್ನು ಕರೆಯಬಾರದು ಎಂಬುದನ್ನು ನಿರ್ಣಯಿಸುವುದರಲ್ಲಿ ಅವನ ಮಾತಿಗೆ ಬಹಳ ತೂಕವಿತ್ತು. ನ್ಯೂಯಾರ್ಕಿನ ಪ್ರತಿಷ್ಠಿತ ಸಮಾಜದಲ್ಲಿ ಲೆಕ್ಕಕ್ಕೆ ಬರುವವರು ಸುಮಾರು ನಾನೂರು ಮಂದಿ ಮಾತ್ರ ಎಂದು ಅವನು ಸಾರಿದನು. 1892ರಲ್ಲಿ ಅಂಥವರ ಹೆಸರುಗಳ ಪಟ್ಟಿಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ನಾನೂರು’ ಎಂಬ ಸಂಖ್ಯೆಯೇ ಸಿರಿವಂತಿಕೆಗೆ ಮತ್ತೊಂದು ಹೆಸರಾಯಿತು.

ಈ ಅಹಂಕಾರಕ್ಕೆ ಓ. ಹೆನ್ರಿ ಕೊಟ್ಟ ಉತ್ತರ ಒಂದು ಪುಸ್ತಕ. 1906ರಲ್ಲಿ ಪ್ರಕಟವಾದ ತನ್ನ ಕಥಾಸಂಗ್ರಹಕ್ಕೆ ಆತನು ‘ದಿ ಫೋರ್ ಮಿಲಿಯನ್’, ಎಂದರೆ ನಲವತ್ತು ಲಕ್ಷ, ಎಂದು ಹೆಸರಿಟ್ಟನು. ಗಮನಕ್ಕೆ ಅರ್ಹರಾದವರನ್ನು ಎಣಿಸುವುದರಲ್ಲಿ ಔತಣದ ಯಜಮಾನನಿಗಿಂತ ಜನಗಣತಿ ಮಾಡುವವನೇ ಹೆಚ್ಚು ವಿವೇಕಿಯೆಂದು ಆ ಪುಸ್ತಕದ ಮೊದಲ ಮಾತಿನಲ್ಲಿ ಆತನು ನಗುತ್ತಲೇ ಸೂಚಿಸಿದನು. ನಗರದಲ್ಲಿರುವ ಪ್ರತಿಯೊಬ್ಬನಿಗೂ ಒಂದು ಕಥೆಯಿದೆ ಎಂಬುದು ಆ ಶೀರ್ಷಿಕೆಯ ತಾತ್ಪರ್ಯ.

ಇಂತಹ ದೃಷ್ಟಿ ಆತನಿಗೆ ಸುಖವಾಗಿ ದೊರೆತುದಲ್ಲ. ವಿಲಿಯಂ ಸಿಡ್ನಿ ಪೋರ್ಟರ್ ಎಂಬುದು ಆತನ ನಿಜನಾಮ. ನಾರ್ತ್ ಕ್ಯಾರೊಲೈನಾ ರಾಜ್ಯದ ಗ್ರೀನ್ಸ್‌ಬರೊ ಎಂಬಲ್ಲಿ 1862ರಲ್ಲಿ ಆತನು ಜನಿಸಿದನು. ಮೂರನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಹರೆಯದಲ್ಲಿ ಚಿಕ್ಕಪ್ಪನ ಔಷಧದ ಅಂಗಡಿಯಲ್ಲಿ ದುಡಿದನು. ಅನಂತರ ಟೆಕ್ಸಾಸಿಗೆ ಹೋಗಿ, ಸರ್ಕಾರಿ ಭೂದಾಖಲೆಯ ಕಚೇರಿಯಲ್ಲಿಯೂ ಆಸ್ಟಿನ್ ನಗರದ ಒಂದು ಬ್ಯಾಂಕಿನಲ್ಲಿಯೂ ನೌಕರನಾದನು. ಬ್ಯಾಂಕಿನ ಲೆಕ್ಕದಲ್ಲಿ ಹಣ ಕಡಿಮೆಬಿದ್ದಿತೆಂಬ ಆರೋಪ ಆತನ ಮೇಲೆ ಬಂದಿತು. ವಿಚಾರಣೆಗೆ ಅಂಜಿ 1896ರಲ್ಲಿ ಹೊಂಡುರಾಸ್ ದೇಶಕ್ಕೆ ಓಡಿಹೋದನು. ಆದರೆ ಹೆಂಡತಿ ಕ್ಷಯರೋಗದಿಂದ ಮರಣಶಯ್ಯೆಯಲ್ಲಿರುವಳೆಂದು ತಿಳಿದೊಡನೆ, ಸೆರೆ ನಿಶ್ಚಿತವೆಂದರಿತೂ ಹಿಂದಿರುಗಿ ಬಂದನು. 1897ರಲ್ಲಿ ಆಕೆ ತೀರಿಕೊಂಡಳು. ಮರುವರ್ಷ ನ್ಯಾಯಾಲಯವು ಆತನಿಗೆ ಐದು ವರ್ಷಗಳ ಕಾರಾಗೃಹವಾಸವನ್ನು ವಿಧಿಸಿತು.

ಒಹಾಯೊ ರಾಜ್ಯದ ಸೆರೆಮನೆಯಲ್ಲಿ ಪೋರ್ಟರನು ಔಷಧ ವಿತರಿಸುವ ಕೆಲಸ ಮಾಡುತ್ತ ಮೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದನು. ತಾಯಿಯಿಲ್ಲದ ಮಗಳು ಮಾರ್ಗರೆಟ್ ಅಜ್ಜಿಯ ಆಶ್ರಯದಲ್ಲಿದ್ದಳು. ತಂದೆ ಕಾರ್ಯನಿಮಿತ್ತ ದೂರದ ಊರಿಗೆ ಹೋಗಿರುವನೆಂದು ಆಕೆಗೆ ಹೇಳಲಾಗಿತ್ತು. ಮಗಳ ಪೋಷಣೆಗೆ ನೆರವಾಗಲೆಂದು ಆತನು ಸೆರೆಮನೆಯಲ್ಲಿಯೇ ಕಥೆಗಳನ್ನು ಬರೆದು, ಅವು ಎಲ್ಲಿಂದ ಬಂದುವೆಂಬುದು ಪತ್ರಿಕೆಗಳವರಿಗೆ ತಿಳಿಯದಂತೆ ಬೇರೆಯವರ ಮೂಲಕ ಕಳುಹಿಸುತ್ತಿದ್ದನು. ಸನ್ನಡತೆಯ ಕಾರಣದಿಂದ 1901ರಲ್ಲಿ ಬಿಡುಗಡೆ ಹೊಂದಿ, 1902ರಲ್ಲಿ ನ್ಯೂಯಾರ್ಕಿಗೆ ಬಂದಾಗ ಆತನ ಬಳಿ ಉಳಿದಿದ್ದುದು ಓ. ಹೆನ್ರಿ ಎಂಬ ಹೊಸ ಹೆಸರು ಮಾತ್ರ. ಆತನ ಸೆರೆವಾಸದ ಸಂಗತಿ ಓದುಗರಿಗೆ ತಿಳಿದುದು ಆತನು ತೀರಿಕೊಂಡ ಮೇಲೆ. ತಾನೇ ಮರೆಯಲ್ಲಿ ಬದುಕಿದವನಿಗೆ ಮರೆಯಲ್ಲಿ ಬದುಕುವವರ ಗುರುತು ಬೇಗ ಹತ್ತಿದುದರಲ್ಲಿ ಆಶ್ಚರ್ಯವಿಲ್ಲ.

ಪತ್ರಿಕೆಗೆ ವಾರಕ್ಕೊಂದು ಕಥೆ ಒದಗಿಸುವ ಹೊಣೆಯನ್ನು ಹೊತ್ತ ಓ. ಹೆನ್ರಿ, ಕಥಾವಸ್ತುವಿಗಾಗಿ ಗ್ರಂಥಾಲಯಕ್ಕೆ ಹೋಗಲಿಲ್ಲ, ಬೀದಿಗೆ ಹೋದನು. ಉದ್ಯಾನದ ಬೆಂಚುಗಳಲ್ಲಿಯೂ ಅಗ್ಗದ ಊಟದ ಮನೆಗಳಲ್ಲಿಯೂ ಕುಳಿತು ಅಪರಿಚಿತರ ಮಾತನ್ನು ಕೇಳಿದನು. ಅಂಗಡಿಯಲ್ಲಿ ದುಡಿಯುವ ಹುಡುಗಿಯರ ಬದುಕು ಆತನ ಮನಸ್ಸನ್ನು ವಿಶೇಷವಾಗಿ ಕಲಕಿತು. ‘ಅಪೂರ್ಣ ಕಥೆ’ ಎಂಬ ಅರ್ಥದ ಹೆಸರುಳ್ಳ ಕಥೆಯಲ್ಲಿ ಡಲ್ಸಿ ಎಂಬ ಹುಡುಗಿಯ ವಾರದ ಸಂಬಳ ಆರು ಡಾಲರ್. ಕಥೆಗಾರನು ಆಕೆಯ ಕಷ್ಟವನ್ನು ಕುರಿತು ನಿಟ್ಟುಸಿರು ಬಿಡುವುದಿಲ್ಲ, ಲೆಕ್ಕವನ್ನು ಮುಂದಿಡುತ್ತಾನೆ. ಕೋಣೆಯ ಬಾಡಿಗೆ 2 ಡಾಲರ್. ಆರು ದಿನಗಳ ಬೆಳಗಿನ ಉಪಾಹಾರಕ್ಕೆ 60 ಸೆಂಟ್. ಭಾನುವಾರದ ವಿಶೇಷ ಉಪಾಹಾರಕ್ಕೂ ಬಡಿಸಿದವಳ ಇನಾಮಿಗೂ 35 ಸೆಂಟ್. ಮಧ್ಯಾಹ್ನದ ಊಟಗಳಿಗೆ 60 ಸೆಂಟ್, ರಾತ್ರಿಯ ಊಟಗಳಿಗೆ 1 ಡಾಲರ್ 5 ಸೆಂಟ್, ಪತ್ರಿಕೆಗಳಿಗೆ 16 ಸೆಂಟ್. ಒಟ್ಟು 4 ಡಾಲರ್ 76 ಸೆಂಟ್. ಉಳಿದ 1 ಡಾಲರ್ 24 ಸೆಂಟುಗಳಲ್ಲಿ ಬಟ್ಟೆ, ಪಾದರಕ್ಷೆ, ಔಷಧ, ವಿನೋದ ಎಲ್ಲವೂ ಆಗಬೇಕು. ಇಲ್ಲಿಗೆ ಬಂದೊಡನೆ ಕಥೆಗಾರನು ಲೆಕ್ಕವನ್ನೇ ಕೈಬಿಡುತ್ತಾನೆ. ಆ ಮೌನವು ಯಾವ ಭಾಷಣಕ್ಕಿಂತಲೂ ತೀಕ್ಷ್ಣವಾಗಿದೆ.

ಹಣವುಳ್ಳ ಒಬ್ಬ ದುರಾಚಾರಿ ಡಲ್ಸಿಯನ್ನು ಔತಣಕ್ಕೆ ಕರೆಯುತ್ತಾನೆ. ಆಕೆ ಸಿಂಗರಿಸಿಕೊಂಡು ಹೊರಟವಳು, ಕೋಣೆಯಲ್ಲಿದ್ದ ಸೇನಾಪತಿಯೊಬ್ಬನ ಚಿತ್ರದ ಕಣ್ಣುಗಳನ್ನು ಕಂಡು ಹಿಂಜರಿದು, ಮೈ ಸರಿಯಿಲ್ಲವೆಂದು ಹೇಳಿಕಳುಹಿಸಿ, ಒಣ ಬಿಸ್ಕತ್ತನ್ನು ತಿಂದು ಮಲಗುತ್ತಾಳೆ. ಆದರೆ ಈ ದೃಢತೆ ಎಲ್ಲ ದಿನಗಳಲ್ಲಿಯೂ ನಿಲ್ಲಲಾರದೆಂಬ ಸೂಚನೆಯೂ ಕಥೆಯಲ್ಲಿದೆ. ಹಸಿವಿನ ಎದುರಿಗೆ ಒಂಟಿ ಹುಡುಗಿಯ ಶೀಲವನ್ನು ಕಾಯಲು ಒಂದು ಚಿತ್ರಪಟವನ್ನಲ್ಲದೆ ಬೇರೇನನ್ನೂ ಸಮಾಜವು ಕೊಟ್ಟಿರಲಿಲ್ಲ. ಕೊನೆಗೆ ಕಥೆಗಾರನು ಪರಲೋಕದ ನ್ಯಾಯತೀರ್ಮಾನದ ಕನಸೊಂದನ್ನು ಹೇಳುತ್ತಾನೆ. ಅಲ್ಲಿ ಸಂಪನ್ನರಂತೆ ಕಾಣುವ ಒಂದು ಗುಂಪು ನಿಂತಿದೆ. ಐದಾರು ಡಾಲರಿಗೆ ಹುಡುಗಿಯರನ್ನು ದುಡಿಸಿಕೊಂಡ ಯಜಮಾನರು ಅವರು. ಅವರ ಗುಂಪಿಗೆ ಸೇರಿದವನೇ ಎಂದು ಕೇಳಿದಾಗ, ತಾನು ಅಷ್ಟು ಕೆಟ್ಟವನಲ್ಲ, ಅನಾಥಾಲಯಕ್ಕೆ ಬೆಂಕಿಯಿಟ್ಟು ಕುರುಡನೊಬ್ಬನನ್ನು ಕೊಂದವನು ಮಾತ್ರ ಎಂದು ಕನಸು ಕಂಡವನು ಉತ್ತರಿಸುತ್ತಾನೆ. ಓ. ಹೆನ್ರಿಯ ಹಾಸ್ಯದೊಳಗೆ ಅಡಗಿದ್ದ ಕೋಪ ಎಂಥದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಆತನ ನಗರದಲ್ಲಿ ಮನೆಯೇ ಇಲ್ಲದವರೂ ಇದ್ದಾರೆ. ಮ್ಯಾಡಿಸನ್ ಚೌಕದ ಬೆಂಚಿನ ಮೇಲೆ ಮಲಗುವ ಸೋಪಿ ಎಂಬ ಅಲೆಮಾರಿಗೆ ಚಳಿಗಾಲ ಬಂತೆಂದರೆ ಒಂದೇ ಆಸೆ: ಮೂರು ತಿಂಗಳ ಸೆರೆವಾಸ. ಅಲ್ಲಿ ಅನ್ನವೂ ಹಾಸಿಗೆಯೂ ಖಚಿತ. ಅದಕ್ಕಾಗಿ ಅವನು ಅಂಗಡಿಯ ಗಾಜು ಒಡೆಯುತ್ತಾನೆ, ಉಂಡು ಹಣ ಕೊಡದೆ ಕೂಡುತ್ತಾನೆ, ಬೀದಿಯಲ್ಲಿ ಕೂಗಾಡುತ್ತಾನೆ, ಕೊಡೆಯನ್ನು ಕದಿಯುತ್ತಾನೆ. ಆದರೂ ಯಾರೂ ಅವನನ್ನು ಹಿಡಿಯುವುದಿಲ್ಲ. ಕೊನೆಗೆ ಒಂದು ದೇವಾಲಯದಿಂದ ಹೊಮ್ಮಿದ ಸಂಗೀತವನ್ನು ಕೇಳಿ ಅವನ ಅಂತಃಕರಣ ಎಚ್ಚರಗೊಳ್ಳುತ್ತದೆ. ನಾಳೆಯಿಂದ ದುಡಿದು ಬಾಳುವೆನೆಂದು ನಿಶ್ಚಯಿಸುತ್ತಾನೆ. ಆ ಕ್ಷಣದಲ್ಲಿಯೇ ಪೊಲೀಸನ ಕೈ ಅವನ ತೋಳಿನ ಮೇಲೆ ಬೀಳುತ್ತದೆ. ಕೆಲಸವಿಲ್ಲದೆ ಅಲೆಯುತ್ತಿದ್ದ ತಪ್ಪಿಗಾಗಿ ಮೂರು ತಿಂಗಳ ಶಿಕ್ಷೆ! ನಗೆಯಿಂದ ತೊಡಗುವ ಈ ಕಥೆ ಓದುಗನ ನಗೆಯನ್ನು ಕೊನೆಯ ಸಾಲಿನಲ್ಲಿ ಕಸಿದುಕೊಳ್ಳುತ್ತದೆ. ತಪ್ಪುಮಾಡಿದಾಗ ಅವನನ್ನು ಕಾಣದ ಕಾನೂನು, ಅವನು ಒಳ್ಳೆಯವನಾಗಲು ಹೊರಟಾಗ ಮಾತ್ರ ಕಣ್ಣು ತೆರೆಯುತ್ತದೆ.

‘ದಿ ಗಿಫ್ಟ್ ಆಫ್ ದಿ ಮೇಜೈ’ ಎಂಬ ಲೋಕಪ್ರಸಿದ್ಧ ಕಥೆ 1905ರ ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡನ ಸಂಬಳ ವಾರಕ್ಕೆ 30ರಿಂದ 20 ಡಾಲರಿಗೆ ಇಳಿದಿದೆ. ಅದರಲ್ಲಿ 8 ಡಾಲರ್ ಬಾಡಿಗೆಗೆ ಹೋಗುತ್ತದೆ. ಕ್ರಿಸ್‌ಮಸ್ಸಿನ ಮುನ್ನಾದಿನ ಹೆಂಡತಿಯ ಕೈಯಲ್ಲಿರುವುದು 1 ಡಾಲರ್ 87 ಸೆಂಟ್. ಗಂಡನ ಗಡಿಯಾರಕ್ಕೆ ಸರಪಣಿ ಕೊಳ್ಳಲು ಡೆಲ್ಲಾ ತನ್ನ ನೀಳವಾದ ಕೂದಲನ್ನು ಮಾರುತ್ತಾಳೆ. ಆಕೆಯ ಕೂದಲಿಗೆ ಬಾಚಣಿಗೆಗಳನ್ನು ಕೊಳ್ಳಲು ಜಿಮ್ ಆ ಗಡಿಯಾರವನ್ನೇ ಮಾರುತ್ತಾನೆ. ಎರಡು ಉಡುಗೊರೆಗಳೂ ಉಪಯೋಗಕ್ಕೆ ಬಾರವು. ಆದರೂ ಅವರಷ್ಟು ವಿವೇಕಿಗಳು ಬೇರಿಲ್ಲವೆಂಬುದು ಕಥೆಗಾರನ ತೀರ್ಮಾನ. ಬಡತನವು ಮನುಷ್ಯನಿಂದ ವಸ್ತುಗಳನ್ನು ಕಸಿಯಬಲ್ಲದು, ಕೊಡುವ ಮನಸ್ಸನ್ನು ಕಸಿಯಲಾರದು ಎಂಬುದನ್ನು ಆತನು ಉಪದೇಶಿಸದೆಯೇ ತೋರಿಸಿದ್ದಾನೆ.

ಮತ್ತೊಂದು ಕಥೆಯಲ್ಲಿ ಬೆರಳಚ್ಚಿನ ಕೆಲಸ ಮಾಡುವ ಕುಮಾರಿ ಲೀಸನ್, ಏಳಡಿ ಎಂಟಡಿಯ ಕೋಣೆಯಲ್ಲಿ ವಾಸಿಸುತ್ತಾಳೆ. ಅದರ ಛಾವಣಿಯ ಗಾಜಿನಿಂದ ಕಾಣುವ ನಕ್ಷತ್ರವೊಂದಕ್ಕೆ ಬಿಲ್ಲಿ ಜ್ಯಾಕ್ಸನ್ ಎಂದು ಹೆಸರಿಟ್ಟು, ಅದನ್ನೇ ಗೆಳೆಯನೆಂದು ಭಾವಿಸುತ್ತಾಳೆ. ಕೆಲಸ ತಪ್ಪಿ, ಹಸಿವಿನಿಂದ ಆಕೆ ಪ್ರಜ್ಞೆ ಕಳೆದುಕೊಂಡಾಗ ಆಸ್ಪತ್ರೆಯಿಂದ ಬಂದು ರಕ್ಷಿಸುವ ವೈದ್ಯನ ಹೆಸರು ವಿಲಿಯಂ ಜ್ಯಾಕ್ಸನ್! ಅದೇ ಹೆಸರಿನ ಮುದ್ದಿನ ರೂಪವೇ ಬಿಲ್ಲಿ.

ಇಂತಹ ಆಕಸ್ಮಿಕಗಳು ಓ. ಹೆನ್ರಿಯ ದೌರ್ಬಲ್ಯವೆಂದು ವಿಮರ್ಶಕರು ಹೇಳಿರುವುದುಂಟು. ಕೊನೆಯ ತಿರುವಿಗಾಗಿ ಆತನು ಸಂಭವನೀಯತೆಯನ್ನು ಬಲಿಗೊಡುತ್ತಾನೆ, ಕಣ್ಣೀರನ್ನೂ ನಗೆಯನ್ನೂ ಸುಲಭವಾಗಿ ಬೆರೆಸುತ್ತಾನೆ ಎಂಬ ಆಕ್ಷೇಪಗಳಲ್ಲಿ ಸತ್ಯಾಂಶವಿದೆ. ವಾರಕ್ಕೊಂದರಂತೆ ಬರೆದ ಕಥೆಗಳೆಲ್ಲವೂ ಒಂದೇ ಮಟ್ಟದವಾಗಿರುವುದು ಸಾಧ್ಯವಿಲ್ಲ. ನೈಜ ನಗರದಲ್ಲಿ ಹಸಿದು ಬಿದ್ದ ಎಲ್ಲ ಹುಡುಗಿಯರ ಬಾಗಿಲಿಗೂ ದಯಾಳುವಾದ ವೈದ್ಯನು ಬರಲಾರನು. ಈ ಮಾತಿಗೆ ಇತಿಹಾಸವೇ ಸಾಕ್ಷಿ. ಓ. ಹೆನ್ರಿ 1910ರ ಜೂನ್ 5ರಂದು ತೀರಿಕೊಂಡನು. ಒಂದು ವರ್ಷವೂ ತುಂಬುವ ಮೊದಲೇ, 1911ರ ಮಾರ್ಚ್ 25ರಂದು, ಅದೇ ನಗರದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಿತು. ಹೊರಹೋಗುವ ಬಾಗಿಲಿಗೆ ಬೀಗ ಹಾಕಿದ್ದುದರಿಂದ ಅನೇಕರು ತಪ್ಪಿಸಿಕೊಳ್ಳಲಾರದೆ ಹೋದರು. 146 ಮಂದಿ ಮಡಿದರು. ಅವರಲ್ಲಿ ಬಹುಪಾಲು ಹೊರದೇಶಗಳಿಂದ ಬಂದ ತರುಣಿಯರು. ಡಲ್ಸಿಯಂಥವರ ಕಡೆಗೆ ನಗರವು ನಿಜವಾಗಿ ಕಣ್ಣುಬಿಟ್ಟು ನೋಡಿದುದು ಆ ದುರಂತದ ಬಳಿಕ. ಕಾರ್ಖಾನೆಗಳ ಸುರಕ್ಷತೆಗಾಗಿ ನ್ಯೂಯಾರ್ಕ್ ರಾಜ್ಯದಲ್ಲಿ ಅನೇಕ ಕಾನೂನುಗಳು ಬಂದವು. 1912ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಸ್ತ್ರೀಯರಿಗೂ ಅಪ್ರಾಪ್ತ ವಯಸ್ಕರಿಗೂ ಸಂಬಂಧಿಸಿದಂತೆ ಅಮೆರಿಕದ ಮೊದಲ ಕನಿಷ್ಠ ವೇತನ ಕಾನೂನನ್ನು ರಚಿಸಿತು. 1938ರಲ್ಲಿ ಇಡೀ ರಾಷ್ಟ್ರಕ್ಕೆ ಅನ್ವಯಿಸುವ ಕಾನೂನು ಬಂದಿತು.

ಕಥೆಗಳೇ ಈ ಕಾನೂನುಗಳನ್ನು ತಂದುವೆಂದು ಹೇಳುವುದು ಅತಿಶಯೋಕ್ತಿಯಾಗುತ್ತದೆ. ಕಾನೂನನ್ನು ರಚಿಸಲು ಹೋರಾಟಗಾರರೂ ಶಾಸಕರೂ ಬೇಕು. ಆದರೆ ಯಾರಿಗಾಗಿ ಕಾನೂನು ಬೇಕೋ ಅವರು ಮೊದಲು ಸಮಾಜದ ಕಣ್ಣಿಗೆ ಬೀಳಬೇಕು. ಕಾಣದವನ ಸಂಕಟಕ್ಕೆ ಪರಿಹಾರವನ್ನು ಯಾರೂ ಹುಡುಕುವುದಿಲ್ಲ. ಅಂಗಡಿಯಲ್ಲಿ ಎದುರು ನಿಂತ ಹುಡುಗಿಯನ್ನು ಗ್ರಾಹಕರು ದಿನವೂ ನೋಡುತ್ತಿದ್ದರು. ಆಕೆ ರಾತ್ರಿ ಏನನ್ನು ಉಣ್ಣುತ್ತಾಳೆಂದು ಯೋಚಿಸಿದವರು ವಿರಳ. ಆರು ಡಾಲರಿನ ಲೆಕ್ಕವನ್ನು ಓದಿದವನು ಮತ್ತೆ ಆ ಅಂಗಡಿಗೆ ಹಳೆಯ ಕಣ್ಣುಗಳೊಡನೆ ಹೋಗಲಾರನು.

ಓ. ಹೆನ್ರಿಯ ಹೆಸರಿನಲ್ಲಿ ಸಣ್ಣಕಥೆಗಳಿಗೆ ನೀಡುವ ಪ್ರಶಸ್ತಿಯು 1919ರಲ್ಲಿ ಆರಂಭವಾಯಿತು. ಔತಣದ ಪಟ್ಟಿಯಲ್ಲಿದ್ದ ನಾನೂರು ಮಂದಿಯಲ್ಲಿ ಹೆಚ್ಚಿನವರ ಹೆಸರುಗಳನ್ನು ಕಾಲವು ಒರಸಿಹಾಕಿದೆ. ಆದರೆ ಎಂದೂ ಹುಟ್ಟದ ಡೆಲ್ಲಾ, ಜಿಮ್, ಡಲ್ಸಿ, ಸೋಪಿ ಇವರು ಜಗತ್ತಿನ ನಾನಾ ಭಾಷೆಗಳ ಓದುಗರಿಗೆ ಪರಿಚಿತರಾಗಿದ್ದಾರೆ. ಯಾವ ಮಹಾನಗರದಲ್ಲಿಯೂ ಬೀದಿ ಗುಡಿಸುವವನಿಗೆ, ಗಾಡಿ ಎಳೆಯುವವನಿಗೆ, ಮೂಲೆಯ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಕುಳಿತವಳಿಗೆ ಒಂದು ಹೆಸರೂ ಒಂದು ಕಥೆಯೂ ಇರುತ್ತವೆ. ಅವರನ್ನು ಎಣಿಸುವಾಗ ಒಬ್ಬರನ್ನೂ ಬಿಡದಿರುವುದು ಜನಗಣತಿಯ ಧರ್ಮ. ಎಣಿಸಿದ ಪ್ರತಿಯೊಬ್ಬರಲ್ಲಿಯೂ ಒಂದು ಹೃದಯವನ್ನು ಕಾಣುವುದು ಕಥೆಗಾರನ ಧರ್ಮ.