‘ಬಾರಮ್ಮ’ ಎಂಬ ಕ್ರಿಯಾಪದ

ರೈಲ್ವೆ ಕಾರ್ಖಾನೆಗಳ ಊರಾದ ಪೆರಂಬೂರಿನ ಕನ್ನಡ ಮನೆಗಳಲ್ಲಿ ನವರಾತ್ರಿಯ ಸಂಜೆ ಬೊಂಬೆಗಳ ಮುಂದೆ ಹಾಡುವ ದೇವರನಾಮಗಳ ಪೈಕಿ ಪುರಂದರದಾಸರ (1484–1564) ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕೃತಿಗೆ ಅಗ್ರಸ್ಥಾನವುಂಟು. ಅರಿಸಿನ ಕುಂಕುಮಕ್ಕೆ ಇನ್ನೂ ನಾಲ್ಕು ಮನೆಗೆ ಹೋಗಬೇಕಾದ ಅವಸರದಲ್ಲಿ ಚರಣಗಳ ನಡುವಣ ಪಲ್ಲವಿಯನ್ನು ಬಿಟ್ಟು, ಕೊನೆಗೊಮ್ಮೆ ಹೇಳಿ ಮುಗಿಸುವವರೂ ಇದ್ದಾರೆ. ಹೇಳಿದ್ದನ್ನೇ ಹೇಳುವುದೇಕೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಈ ಕೃತಿಯಲ್ಲಿ ಪಲ್ಲವಿಯನ್ನು ಬಿಟ್ಟರೆ ವಾಕ್ಯವೇ ಮುರಿಯುತ್ತದೆ.

ದೇವಿಯ ನಡಿಗೆಯನ್ನು ವರ್ಣಿಸುವ ಚರಣವು ಕಡೆದಾಗ ತೇಲಿಬರುವ ಬೆಣ್ಣೆಯ ಉಪಮೆಯಲ್ಲಿ ನಿಲ್ಲುತ್ತದೆ. ಆ ಬೆಣ್ಣೆಯ ಹಾಗೆ ಏನು ಮಾಡಬೇಕು? ಕ್ರಿಯಾಪದವಿಲ್ಲ. ಹೊನ್ನಿನ ಮಳೆಯನ್ನು ಬೇಡುವ ಚರಣ ‘ಬೇಗ’ ಎಂಬಲ್ಲಿ ತಡೆಯುತ್ತದೆ. ಉಳಿದವು ಸಂಬೋಧನೆಯಲ್ಲಿ ಕೊನೆಗೊಳ್ಳುತ್ತವೆ. ಎರಡು ಚರಣಗಳ ಒಳಗೆ ‘ಬಾರೆ’ ಎಂಬ ಕರೆ ಇರುವುದು ನಿಜ. ಅದು ಮನೆಮಗಳನ್ನು ಕರೆಯುವ ಸಲುಗೆ. ತಾಯಿಗೆ ಸಲ್ಲುವ ‘ಬಾರಮ್ಮ’ ಮಾತ್ರ ಪಲ್ಲವಿಗೇ ಮೀಸಲು. ಪ್ರತಿ ಚರಣದ ಕೊನೆಯ ಪಾದವೂ ಅದಕ್ಕಾಗಿ ಕೈಚಾಚಿ ನಿಂತಿರುತ್ತದೆ. ಪಲ್ಲವಿಯೊಳಗಿನ ಪುನರುಕ್ತಿಯೂ ಬರಿಯ ಪುನರುಕ್ತಿಯಲ್ಲ. ಮೊದಲು ‘ಭಾಗ್ಯ’ವಾಗಿದ್ದುದು ಮರಳಿ ಬರುವಾಗ ‘ಸೌಭಾಗ್ಯ’ವಾಗಿರುತ್ತದೆ.

ಲಯದ ಗುಟ್ಟು ಆದಿಪ್ರಾಸದಲ್ಲಿದೆ. ಎಲ್ಲ ಪಾದಗಳಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಈ ಕ್ರಮವನ್ನು ಶಾಲೆಯಲ್ಲಿ ತಮಿಳು ಕಲಿಯುವ ಮಕ್ಕಳು ‘ಎದುಗೈ’ ಎಂಬ ಹೆಸರಿನಿಂದ ಬಲ್ಲರು. ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ ಎಂದು ದ್ವಿತ್ವ ಬಂದಾಗ ಅದು ಹಯಪ್ರಾಸ. ಪ್ರತಿ ಪಾದದ ಮೊದಲಕ್ಷರ ಗುರುವಾಗುವುದರಿಂದ ಕಾಲೂರಿ ನಡೆದಂತಾಗುತ್ತದೆ. ಕನಕ, ದಿನಕರ, ಜನಕ ಎಂಬಲ್ಲಿ ಲಘುಗಳೇ ಸಾಲುಗೂಡಿದ ಸಿಂಹಪ್ರಾಸ; ನಡೆ ಚುರುಕಾಗುತ್ತದೆ. ‘ಬೇಗ’ ಎಂಬ ಮಾತು ಈ ಚರಣಕ್ಕೇ ಬಂದಿರುವುದು ಎಂತಹ ಔಚಿತ್ಯ! ಕಂಕಣ, ಕುಂಕುಮಗಳ ಚರಣದ್ದು ಬಿಂದುವಿನಿಂದಾದ ವೃಷಭಪ್ರಾಸ. ಅಲ್ಲಿ ಬಳೆಯ ನಾದ ಕೇಳಿಸದಿರದು.

ಕನ್ನಡ ಓದಲು ಬಾರದ ಮಕ್ಕಳು ಈ ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳುವುದುಂಟು. ಆ ಲಿಪಿಯಲ್ಲಿ ಪ, ಬ, ಭಗಳಿಗೆ ಒಂದೇ ಅಕ್ಷರವಾದ್ದರಿಂದ ‘ಭಾಗ್ಯ’ದ ಮಹಾಪ್ರಾಣ ಕಣ್ಣಿಗೆ ಕಾಣದು, ಹಿರಿಯರು ಬಾಯಿಂದಲೇ ತಿದ್ದಬೇಕು. ಆದರೂ ದ್ವಿತ್ವ ಉಳಿಯುತ್ತದೆ, ಲಯ ಕೆಡುವುದಿಲ್ಲ. ಪಲ್ಲವಿಯನ್ನು ಬಿಟ್ಟಾಗ ಆಗುವ ನಷ್ಟಕ್ಕೆ ಇಂತಹ ಪರಿಹಾರವಿಲ್ಲ. ಹೊತ್ತು ಸಾಲದಿದ್ದರೆ ಅಂಕಿತದ ಚರಣವನ್ನು ಉಳಿಸಿಕೊಂಡು ನಡುವಿನ ಎರಡನ್ನು ಬಿಡಬಹುದು. ಆದರೆ ಹಾಡಿದ ಒಂದೊಂದು ಚರಣದ ಬಳಿಕವೂ ಪಲ್ಲವಿಗೆ ಮರಳಿ ತಾಯಿಯನ್ನು ಕರೆಯಬೇಕು.