ಮೊಟ್ಟೆಯಿಂದ ತಕ್ಕಡಿಯವರೆಗೆ: ರೇಷ್ಮೆನಾಡಿನಲ್ಲಿ ಕೃಷಿ ವಿಸ್ತರಣೆ

ಕೃಷಿ ಎಂಬ ಶಬ್ದವು ‘ಕೃಷ್’ ಎಂಬ ಧಾತುವಿನಿಂದ ಬಂದುದು; ಉಳುವುದು, ಸೆಳೆಯುವುದು ಎಂದು ಅದರ ಅರ್ಥ. ವಿಸ್ತರಣೆ ಎಂಬುದು ‘ಸ್ತೃ’ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿ ಆದುದು. ಹರಡುವುದು ಎಂದು ಅದರ ಅರ್ಥ. ಪ್ರಯೋಗಶಾಲೆಯಲ್ಲಿ ದೊರೆತ ಅರಿವನ್ನು ಉಳುವವನ ಹೊಲಕ್ಕೆ ಹರಡುವುದೇ ಕೃಷಿ ವಿಸ್ತರಣೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಹರಡಿದ ಮಾತ್ರಕ್ಕೆ ಅರಿವು ಫಲಿಸುವುದೆ? ಬೀಜವನ್ನು ಚೆಲ್ಲಿದವನು ಕಣದವರೆಗೂ ಬೆಳೆಯ ಜೊತೆಗೆ ನಡೆಯಬೇಕಾಗುತ್ತದೆ. ವಿಸ್ತರಣೆಯ ಹಾದಿಯೂ ಅಂತಹುದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ರೇಷ್ಮೆ ಕೃಷಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯ ಸಂಪುಟವು 2025ರಲ್ಲಿ ಒಪ್ಪಿತು. ಹೆಸರು ಯಾವುದಾದರೂ ನೆಲದ ಗುಣ ಒಂದೇ. ಹೆಬ್ಬಂಡೆಗಳ ಬೆಟ್ಟ, ಅವುಗಳ ನಡುವೆ ಕೆಂಪು ಮಣ್ಣಿನ ಹೊಲ, ಅರ್ಕಾವತಿ, ಕಣ್ವ, ಶಿಂಷಾ ಹೊಳೆಗಳ ಪರಿಮಿತ ನೀರು. ರಾಗಿ, ಅವರೆ, ಹುರುಳಿಗಳು ಇಲ್ಲಿಯ ಹಳೆಯ ಬೆಳೆಗಳು. ಮಾಗಡಿಯ ಅವರೆ, ಚನ್ನಪಟ್ಟಣದ ತೆಂಗು, ರಾಮನಗರದ ಮಾವು ಹೆಸರಾಂತವು. ರಾಗಿಯ ಕಣ ವರ್ಷಕ್ಕೊಮ್ಮೆ ತುಂಬುತ್ತದೆ. ಮನೆಯ ವೆಚ್ಚವಾದರೋ ತಿಂಗಳು ತಿಂಗಳಿಗೂ ಬರುತ್ತದೆ. ನೀರಿನ ಅನುಕೂಲವಿರುವ ಒಂದೆರಡು ಎಕರೆಯಲ್ಲಿ ಹಿಪ್ಪುನೇರಳೆಯನ್ನು ಬೆಳೆದವನು ವರ್ಷಕ್ಕೆ ಐದಾರು ಬಾರಿ ಹುಳು ಸಾಕಿ ಕೈಯಲ್ಲಿ ಹಣ ಕಾಣಬಲ್ಲನು. ಸಣ್ಣ ಹಿಡುವಳಿಯ ರೈತನು ರೇಷ್ಮೆಯನ್ನು ನಂಬಲು ಇದೇ ಕಾರಣ.

ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಟಿಪ್ಪುಸುಲ್ತಾನನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರೋತ್ಸಾಹವಿತ್ತನು. ಮುಂದೆ ಒಂದು ಶತಮಾನದ ಬಳಿಕ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರವೊಂದನ್ನು ತೆರೆದು ಜಪಾನಿನ ಕ್ರಮವನ್ನು ಪರಿಚಯಿಸಿದರು. ವಿಜ್ಞಾನವು ಹಳ್ಳಿಯಿಂದಲೂ ಪಡೆದಿದೆ ಎಂಬುದಕ್ಕೆ ಕಣ್ವ-2 ಎಂಬ ಹಿಪ್ಪುನೇರಳೆ ತಳಿಯೇ ಸಾಕ್ಷಿ. ಮೈಸೂರಿನ ನಾಟಿ ಹಿಪ್ಪುನೇರಳೆಯಿಂದಲೇ ಆಯ್ದು ತೆಗೆದ ಈ ತಳಿಯು ಚನ್ನಪಟ್ಟಣದ ಬಳಿಯ ಕಣ್ವದ ಹೆಸರನ್ನು ಹೊತ್ತು ದಕ್ಷಿಣ ಭಾರತದ ತೋಟಗಳಲ್ಲೆಲ್ಲ ಹರಡಿತು. ಅನಂತರ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ತಳಿಯು ಇನ್ನೂ ಹೆಚ್ಚಿನ ಸೊಪ್ಪನ್ನು ಕೊಟ್ಟು ನೀರಾವರಿ ತೋಟಗಳಲ್ಲಿ ಅದರ ಸ್ಥಾನವನ್ನು ಪಡೆಯಿತು.

ರೇಷ್ಮೆಯ ಮೊದಲ ಮೆಟ್ಟಿಲು ಮೊಟ್ಟೆ. ಗಂಟು ರೋಗವು ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ. 1865ರಿಂದ ಹಲವು ವರ್ಷ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಶ್ರಮಿಸಿದ ಲೂಯಿ ಪಾಶ್ಚರ್ ಅವರು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಬಳಕೆಗೆ ತಂದರು. ಇಂದಿಗೂ ರೋಗರಹಿತ ಮೊಟ್ಟೆಯ ತಯಾರಿಕೆಗೆ ಆ ಪರೀಕ್ಷೆಯೇ ತಳಹದಿ. ಮಾಗಡಿ ಸೀಮೆಯ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿಗೆ ಬಹುಕಾಲದಿಂದ ಹೆಸರಾದವು. ಬಿತ್ತನೆಯ ಉತ್ಪಾದನೆಯನ್ನೂ ಮಾರಾಟವನ್ನೂ ನಿಯಂತ್ರಿಸಲು 1959ರಲ್ಲಿ ಕಾಯಿದೆಯೇ ಬಂದಿತು. ಒಂದು ಮನೆಯಲ್ಲಿನ ಅಜಾಗರೂಕತೆಯು ನೂರು ಮನೆಗಳ ಬೆಳೆಯನ್ನು ಕೆಡಿಸಬಲ್ಲುದಾದ್ದರಿಂದ ಬಿತ್ತನೆ ಬೆಳೆಯುವವನ ಹೊಣೆ ದೊಡ್ಡದು.

ಎರಡನೆಯ ಮೆಟ್ಟಿಲು ಹುಳು. ಮೊಟ್ಟೆಯೊಡೆದ ಹುಳುವು ನಾಲ್ಕು ಬಾರಿ ಪೊರೆ ಕಳಚಿ, ಸುಮಾರು 25 ದಿನಗಳಲ್ಲಿ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯನ್ನು ಏರುತ್ತದೆ. ಪೊರೆ ಬಿಡುವಾಗ ಅದು ತಲೆಯೆತ್ತಿ, ಮೇವು ಬಿಟ್ಟು, ನಿಶ್ಚಲವಾಗಿರುವುದನ್ನು ಕಂಡ ಹಳ್ಳಿಗರು ಆ ಅವಸ್ಥೆಗೆ ‘ಜ್ವರ’ ಎಂದು ಹೆಸರಿಟ್ಟರು. ಶಾಸ್ತ್ರದೃಷ್ಟಿಯಿಂದ ಅದು ಜ್ವರವಲ್ಲ. ಆದರೂ ಆ ಹೆಸರಿನಲ್ಲಿ ಸೂಕ್ಷ್ಮವಾದ ಅವಲೋಕನವಿದೆ. ಜ್ವರ ಬಂದವನಿಗೆ ಊಟವನ್ನು ಒತ್ತಾಯಿಸಬಾರದು. ಹಾಗೆಯೇ ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕದೆ ಹಾಸಿಗೆಯನ್ನು ಒಣಗಿಸಿ, ಎಲ್ಲವೂ ಎದ್ದ ಬಳಿಕವೇ ಮೇವು ಕೊಡಬೇಕು. ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆ ಎಂಬ ರೋಗನಾಮಗಳೂ ಇಂತಹುವೇ. ಸತ್ತ ಹುಳು ಸುಣ್ಣದಂತೆ ಬಿಳುಪೇರಿ ಗಡುಸಾಗುವುದು, ಚರ್ಮ ಒಡೆದು ಹಾಲಿನಂತಹ ರಸ ಸೋರುವುದು, ಹುಳು ಸಪ್ಪಗಾಗಿ ಮೆತ್ತಗೆ ಬೀಳುವುದು, ಈ ಲಕ್ಷಣಗಳೆಲ್ಲ ಹೆಸರಿನಲ್ಲಿಯೇ ಅಡಗಿವೆ. ವಿಸ್ತರಣಾ ಕಾರ್ಯಕರ್ತನು ರೈತನಿಗೆ ಹೊಸ ಶಬ್ದಕೋಶವನ್ನು ಕಲಿಸುವ ಮುನ್ನ ಈ ಶಬ್ದಕೋಶವನ್ನು ತಾನು ಕಲಿಯತಕ್ಕದ್ದು.

ಎಳೆಯ ಹುಳುವಿನ ಮೊದಲೆರಡು ಹಂತಕ್ಕೆ ಚಾಕಿ ಎಂದು ಹೆಸರು. ಆಗ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡಾ 80ಕ್ಕೂ ಮಿಗಿಲಾದ ತೇವಾಂಶ, ಎಳೆಯ ರಸವತ್ತಾದ ಎಲೆ ಇವು ಅಗತ್ಯ. ಬಡವನ ಮನೆಯ ಒಂದೇ ಕೋಣೆಯಲ್ಲಿ, ಅಡಿಗೆಯ ಹೊಗೆಯ ಮಗ್ಗುಲಲ್ಲಿ ಇದನ್ನು ಸಾಧಿಸುವುದು ಕಷ್ಟ. ಚಾಕಿ ಸಾಕಾಣಿಕೆ ಕೇಂದ್ರಗಳು ಈ ತೊಡಕನ್ನು ಬಿಡಿಸಿದವು. ಬಲಿತ ಎಳೆಹುಳುಗಳನ್ನು ಕೊಂಡುತಂದು ಸಾಕುವ ರೈತನಿಗೆ ಮೊದಲ ವಾರದ ಭಯ ತಪ್ಪಿತು.

1980ರಲ್ಲಿ ಮತ್ತೊಂದು ಸಂಕಟ ಬಂದಿತು. ಅದುವರೆಗೆ ಬಂಗಾಳದ ಕಡೆಯಲ್ಲಿದ್ದ ಊಜಿ ನೊಣವು ಕರ್ನಾಟಕಕ್ಕೆ ನುಸುಳಿತು. ಹುಳುವಿನ ಮೈಮೇಲೆ ಅದು ಮೊಟ್ಟೆಯಿಡುತ್ತದೆ. ಅದರ ಮರಿಯು ಒಳಹೊಕ್ಕು ಹುಳುವನ್ನೇ ತಿಂದು ಹೊರಬರುತ್ತದೆ. ಕಿಟಕಿ ಬಾಗಿಲುಗಳಿಗೆ ಬಲೆ ಹಾಕುವುದು, ಊಜಿಯ ಮರಿಗಳನ್ನೂ ಕೋಶಗಳನ್ನೂ ಆರಿಸಿ ನಾಶಮಾಡುವುದು, ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರೋಪಜೀವಿ ಕೀಟವನ್ನು ಬಿಡುವುದು, ಇವು ಪರಿಹಾರಗಳು. ಒಬ್ಬನು ಬಲೆ ಹಾಕಿ ನೆರೆಯವನು ಹಾಕದಿದ್ದರೆ ನೊಣದ ಸಂತಾನ ಬೆಳೆಯುತ್ತಲೇ ಇರುತ್ತದೆ. ಅರಿವನ್ನು ಒಬ್ಬೊಬ್ಬರಿಗೆ ಕೊಟ್ಟರೆ ಸಾಲದು, ಊರು ಒಟ್ಟಾಗಿ ಅದನ್ನು ಆಚರಿಸಬೇಕೆಂಬ ಪಾಠವನ್ನು ಈ ಸಣ್ಣ ನೊಣವು ಕಲಿಸಿತು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಅರಿವನ್ನು ಯಾರ ಕಿವಿಯಲ್ಲಿ ಹೇಳಬೇಕು? ಜಮೀನಿನ ಪಹಣಿ ಬಹುಮಟ್ಟಿಗೆ ಗಂಡಸಿನ ಹೆಸರಿನಲ್ಲಿದೆ. ತರಬೇತಿಯ ಕರೆಯೂ ಅವನಿಗೇ ಬರುತ್ತದೆ. ಆದರೆ ಸೊಪ್ಪು ಬಿಡಿಸುವವಳು, ಹಿಕ್ಕೆ ತೆಗೆಯುವವಳು, ನಡುರಾತ್ರಿ ಎದ್ದು ಮೇವು ಹಾಕುವವಳು ಮನೆಯ ಹೆಣ್ಣುಮಗಳು. ಒಟ್ಟು ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಮಿಗಿಲಾದ ಭಾಗವನ್ನು ಹುಳುವು ಕೊನೆಯ ಹಂತದಲ್ಲಿಯೇ ತಿನ್ನುವುದರಿಂದ ಆ ವಾರದಲ್ಲಿ ಅವಳಿಗೆ ನಿದ್ರೆಯಿಲ್ಲ. ಎಲೆಯನ್ನು ಬಿಡಿಯಾಗಿ ಕೀಳದೆ ರೆಂಬೆಯನ್ನೇ ಕತ್ತರಿಸಿ ಅಟ್ಟಣೆಯ ಮೇಲೆ ಹಾಕುವ ಕ್ರಮವು ಅವಳ ದುಡಿಮೆಯನ್ನು ಬಹಳವಾಗಿ ಇಳಿಸಿತು. ಹುಳುಮನೆಯನ್ನು ನಡೆಸುವವಳನ್ನು ಬಿಟ್ಟು ಮಾಡಿದ ಬೋಧನೆಯು ಬಾಗಿಲಲ್ಲಿಯೇ ನಿಂತುಬಿಡುತ್ತದೆ.

ಕಡೆಯ ಮೆಟ್ಟಿಲು ತಕ್ಕಡಿ. ಗೂಡು ಬಹುಕಾಲ ಇಡುವ ಸರಕಲ್ಲ. ಒಳಗಿನ ಕೋಶವು ಚಿಟ್ಟೆಯಾಗಿ ಹೊರಬಂದರೆ ಎಳೆ ಕಡಿದುಹೋಗುತ್ತದೆ. ಆದ್ದರಿಂದ ಮಾರುವವನಿಗೇ ಆತುರ ಹೆಚ್ಚು. ಈ ದೌರ್ಬಲ್ಯದಿಂದ ರೈತನನ್ನು ಕಾಪಾಡಲು ಸರ್ಕಾರಿ ಗೂಡಿನ ಮಾರುಕಟ್ಟೆಗಳು ಏರ್ಪಟ್ಟವು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಯಲ್ಲಿ ಹಳದಿಯ ಮಿಶ್ರತಳಿ ಗೂಡೂ ಬಿಳಿಯ ದ್ವಿತಳಿ ಗೂಡೂ ಬಹಿರಂಗ ಹರಾಜಿನಲ್ಲಿ ಮಾರಾಟವಾಗುತ್ತವೆ. ಈಚಿನ ವರ್ಷಗಳಲ್ಲಿ ವಿದ್ಯುನ್ಮಾನ ಹರಾಜೂ ಬಂದಿದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಮಿಶ್ರತಳಿಯ ಗೂಡು ಸುಮಾರು 8 ಕಿಲೋ ಬೇಕಾದರೆ ಒಳ್ಳೆಯ ದ್ವಿತಳಿಯದು ಆರೂವರೆ ಕಿಲೋದಷ್ಟು ಸಾಕು. ನೂಲು ಬಿಚ್ಚುವವನ ಈ ಲೆಕ್ಕವನ್ನು ಅರಿತ ರೈತನು ತನ್ನ ಗೂಡಿನ ಬೆಲೆಯನ್ನೂ ಅರಿಯಬಲ್ಲನು.

ಆದರೂ ಬೆಲೆಯೆಲ್ಲ ರೈತನ ಕೈಯಲ್ಲಿಲ್ಲ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಆ ವರ್ಷ ಗೂಡಿನ ಬೆಲೆ ಕುಸಿದು ರೇಷ್ಮೆನಾಡು ತತ್ತರಿಸಿತು. ಹುಳುಮನೆಯಲ್ಲಿ ತಪ್ಪೇನೂ ಆಗಿರಲಿಲ್ಲ. ಕಲಿತುದನ್ನೆಲ್ಲ ಸರಿಯಾಗಿ ಆಚರಿಸಿದವನೂ ಸಾಲಗಾರನಾದನು. ಇಳುವರಿಯನ್ನು ಮಾತ್ರ ಕಲಿಸುವ ವಿಸ್ತರಣೆಯ ಮಿತಿಯು ಇಲ್ಲಿ ಸ್ಪಷ್ಟವಾಗುತ್ತದೆ. ಒಂದೇ ಬೆಳೆಗೆ ಬಾಳನ್ನೆಲ್ಲ ಒತ್ತೆಯಿಡದೆ ರಾಗಿ, ಅವರೆ, ಹಸು, ಮಾವುಗಳನ್ನು ಉಳಿಸಿಕೊಳ್ಳುವುದು, ಕೊಳವೆಬಾವಿಯ ನೀರನ್ನು ಹನಿಯಾಗಿ ಬಳಸುವುದು, ಸಂಘ ಕಟ್ಟಿ ಸುಂಕದ ನೀತಿಯ ಬಗೆಗೆ ದನಿಯೆತ್ತುವುದು, ಇವೂ ಕೃಷಿ ಶಿಕ್ಷಣದ ಅಂಗಗಳೇ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಗಳ ಬಾಗಿಲನ್ನು ತಟ್ಟುವ ರೈತನು ಇಂತಹ ಪ್ರಶ್ನೆಗಳನ್ನೂ ಜೊತೆಗೆ ಒಯ್ಯಬೇಕು.

ರೇಷ್ಮೆಯ ಮನೆಗಳಿಂದ ಶಾಲೆಗೆ ಬರುವ ಮಕ್ಕಳು ಈ ಸೀಮೆಯಲ್ಲಿ ಅನೇಕರು. ಉಷ್ಣಮಾಪಕವನ್ನು ಓದುವುದನ್ನು ವಿಜ್ಞಾನದ ಪಾಠದಲ್ಲಿಯೂ, ಸರಾಸರಿ ತೆಗೆಯುವುದನ್ನು ಗಣಿತದಲ್ಲಿಯೂ ಅವರು ಕಲಿಯುತ್ತಾರೆ. ಅಂತಹ ವಿದ್ಯಾರ್ಥಿಯು ಮನೆಯ ಹುಳುಮನೆಯ ಗೋಡೆಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿ, ದಿನಕ್ಕೆ ಎರಡು ಬಾರಿ ಶಾಖವನ್ನು ಬರೆದಿಟ್ಟು, ಜ್ವರಕ್ಕೆ ಕೂತ ದಿನ, ಎದ್ದ ದಿನ, ತಂದ ಮೊಟ್ಟೆ, ಹಾಕಿದ ಸೊಪ್ಪು, ತೂಗಿದ ಗೂಡು, ಬಂದ ಬೆಲೆ ಇಷ್ಟನ್ನು ತಾಯಿಯಿಂದ ಕೇಳಿ ಒಂದು ಪುಸ್ತಕದಲ್ಲಿ ನಮೂದಿಸಲಿ. ನಾಲ್ಕು ಬೆಳೆಗಳು ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಯಾವ ತಿಂಗಳಲ್ಲಿ ಏಕೆ ನಷ್ಟವಾಯಿತೆಂಬುದು ಆ ಪುಟಗಳಲ್ಲಿಯೇ ಕಾಣುವುದು. ಮುಂದಿನ ಬಾರಿ ಇಲಾಖೆಯವರು ಊರಿಗೆ ಬಂದಾಗ ತಾಯಿಯು ಆ ಪುಸ್ತಕವನ್ನು ಮುಂದಿಟ್ಟು ಪ್ರಶ್ನೆ ಕೇಳಬಹುದು.