ಡಿಶ್ ದೋಷ: ಬಾಕ್ಸ್ ಬದಲಿಸುವ ಮುನ್ನ

‘ಚಿತ್ರ ಬರುತ್ತಿಲ್ಲ’ ಎಂಬ ದೂರು ಬಂದೊಡನೆ ಸೆಟ್ ಟಾಪ್ ಬಾಕ್ಸ್ ಬದಲಿಸಿಕೊಡುವ ವರ್ತಕರು ಸುಸ್ಥಿತಿಯ ಸರಕನ್ನೇ ಕೆಟ್ಟ ದಾಸ್ತಾನಿಗೆ ಸೇರಿಸಿ ನಷ್ಟ ಬರೆಯುತ್ತಾರೆ. ಮೊದಲು ಪರದೆಯ ಮೇಲಿನ ಎರಡು ಅಳತೆಗಳನ್ನು ನೋಡತಕ್ಕದ್ದು. ಸಂಕೇತದ ಬಲವಿದ್ದೂ ಗುಣಮಟ್ಟ ಸೊನ್ನೆಯಾಗಿದ್ದಲ್ಲಿ ಡಿಶ್‌ನ ದಿಕ್ಕು ತಪ್ಪಿರುವ ಸಂಭವವೇ ಹೆಚ್ಚು; ಡಿಡಿ ಫ್ರೀ ಡಿಶ್ ಆದರೆ ಪೂರ್ವ ರೇಖಾಂಶ 93.5 ಡಿಗ್ರಿಯ ಜಿಸ್ಯಾಟ್-15ರತ್ತ ಮುಖ ಮಾಡಿರಬೇಕು. ಎರಡೂ ಇಲ್ಲವಾದರೆ ಕೇಬಲ್, ಎಲ್‌ಎನ್‌ಬಿ, ವಿಶೇಷವಾಗಿ ಮಳೆನೀರು ಸೇರಿ ತುಕ್ಕು ಹಿಡಿಯುವ ಕನೆಕ್ಟರ್ ಪರೀಕ್ಷಿಸಬೇಕು. ಒಂದು ಗುಂಪಿನ ಚಾನೆಲ್‌ಗಳಷ್ಟೇ ಮಾಯವಾಗಿದ್ದಲ್ಲಿ, ಧ್ರುವೀಕರಣ ಬದಲಿಸಲು ಬಾಕ್ಸ್ ಕಳುಹಿಸುವ 13 ಅಥವಾ 18 ವೋಲ್ಟ್ ಎಲ್‌ಎನ್‌ಬಿಗೆ ತಲಪುತ್ತಿಲ್ಲವೇ ಎಂದು ಅಳೆಯುವುದು ಸೂಕ್ತ. ಅದೇ ಕೇಬಲ್ಲಿಗೆ ಸರಿಯಿರುವ ಬೇರೊಂದು ಬಾಕ್ಸ್ ಜೋಡಿಸಿದಾಗ ಚಿತ್ರ ಮೂಡಿದರೆ ಮಾತ್ರ ಹಳೆಯದನ್ನು ವಾರಂಟಿಗೆ ಕಳುಹಿಸಬಹುದು. ಭಾರೀ ಮಳೆಯಲ್ಲಿ ಚಿತ್ರ ಕಳೆದುಹೋಗುವುದಾಗಲಿ, ವಿಷುವತ್ತಿನ ಆಸುಪಾಸಿನ ದಿನಗಳಲ್ಲಿ ಸೂರ್ಯ ಉಪಗ್ರಹದ ಹಿಂಬದಿಗೆ ಬಂದು ಕೆಲ ನಿಮಿಷ ಪ್ರಸಾರ ಕೆಡುವುದಾಗಲಿ ಉಪಕರಣದ ದೋಷವಲ್ಲ. ಇಂಥ ದೂರಿಗೆ ಮೆಕ್ಯಾನಿಕ್‌ನನ್ನು ಅಟ್ಟಿದರೆ ಪ್ರಯಾಣಭತ್ಯೆ ವ್ಯರ್ಥ.